ಹೆಗಲ ಮೇಲೆ ಕಕ್ಕದ ಕೂಸು

ಸಿರುಗುಪ್ಪ
1892ನೇ ಇಸವಿ ಫೆಬ್ರವರಿ 7, ರಜಬ್ ತಿಂಗಳು

ಪ್ರೀತಿಯ ಅಕ್ಕ ರಹೀಮಾಬೀಗೆ ತಂಗಿ ಕುಲ್ಸುಂಬೀ ಮಾಡುವ ಸಲಾಮು.

ನಾವೆಲ್ಲ ಕ್ಷೇಮ ಅಂತ ಬರೆಯಹೋಗಿ ಕೈ ತಡೆದೆ. ಈ ಮನೆಯಲ್ಲಿ ಈಗ ಕ್ಷೇಮ ಅಂದರೂ ಅದಕ್ಕೆ ಯಾರದೋ ಕಣ್ಣು ತಾಗೀತು ಅನ್ನುವ ಭಯ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಜವಾಬಿಲ್ಲ ಅಂತ ಬೈದುಕೊಂಡಿರುತ್ತೀ. ಬೈ, ನಿನಗೆ ಹಕ್ಕಿದೆ. ಬಳ್ಳಾರಿಯ ದೊರಸಾನಿ ಶಾಲೆಯಲ್ಲಿ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನೀನೇ ತಾನೆ. ಆದರೆ ನಾನು ಕಾಗದ ಹಿಡಿದು ಕೂತರೆ ಸಾಕು, "ಯಾರಿಗೆ ಬರಿಯಾಕ ಹತ್ತೀ? ಏನಂತ ಬರಿಯಾಕ ಹತ್ತೀ?" ಅಂತ ಅತ್ತೆ ಬಂದು ನಿಲ್ಲುತ್ತಾರೆ. ಒಂದಕ್ಷರ ಓದಲು ಬರುವುದಿಲ್ಲ, ಆದರೂ ಬಗ್ಗಿ ನೋಡುತ್ತಾರೆ. ಇವತ್ತು ದರ್ಗಾಕ್ಕೆ ಹೋಗಿದ್ದಾರೆ, ಬಿಡುವು ಸಿಕ್ಕಿತು.

ಇಲ್ಲಿನ ಸುದ್ದಿಯೆಲ್ಲ ಕೂಸಿನದೇ. ನನ್ನ ಮಡಿಲು ತುಂಬಲಿಲ್ಲ ಅಂತ ಅತ್ತೆ ತೆಕ್ಕಲಕೋಟೆಯಿಂದ ಮದಾರಬೀಯನ್ನು ನನಗೆ ಸವತಿಯಾಗಿ ತಂದದ್ದು, ಅವಳಿಗೆ ಗಂಡು ಹುಟ್ಟಿ ಖಾಜಾ ಅಂತ ಹೆಸರಿಟ್ಟದ್ದು ನಿನಗೆ ಗೊತ್ತೇ ಇದೆ. ಈಗ ಖಾಜಾ ಕುಡಿದ ಹಾಲನ್ನೆಲ್ಲ ಕಕ್ಕುತ್ತಾನೆ. ಕುಡಿದ ಕೂಡಲೇ ಒಂದಿಷ್ಟು, ಆಮೇಲೆ ಮೊಸರಾಗಿ ಒಂದಿಷ್ಟು. ಒಮ್ಮೊಮ್ಮೆ ಮೂಗಿನಿಂದಲೂ ಬರುತ್ತದೆ. ಮೊನ್ನೆ ರೆಡ್ಡಿಯವರ ಮನೆಗೆ ಕೊಡಬೇಕಾದ ಹೊಸ ಗಾದಿಯ ಮೇಲೆ ಮಲಗಿಸಿದರೆ ಅದರ ಮೇಲೂ ಕಕ್ಕಿದ. ಹತ್ತಿ ಹಿಂಜಿ, ತುಂಬಿ, ಹೊಲಿದು ನನ್ನ ಬೆರಳು ಸವೆದಿದ್ದವು. ಕಕ್ಕಿದ ಕಡೆ ಬಿಚ್ಚಿ ಮತ್ತೆ ಹೊಲಿದೆ. ಏನು ಮಾಡುವುದು, ಪಿಂಜಾರರ ಮನೆಯ ಕೂಸು ಗಾದಿ ಬಿಟ್ಟು ಇನ್ನೆಲ್ಲಿ ಮಲಗೀತು.

ಒಬ್ಬೊಬ್ಬರದು ಒಂದೊಂದು ಅನುಮಾನ. ಹಿಂಜುವಾಗ ಹಾರುವ ಹತ್ತಿ ಎಳೆ ಗಂಟಲಿಗೆ ಹೋಗಿದೆ ಅಂತ ಯಜಮಾನರು. ಅವರು ಹತ್ತಿ ಹಿಂಜುವ ಬಿಲ್ಲನ್ನು ಹಿತ್ತಲಿಗೆ ಒಯ್ದು ಈಗ ಅಲ್ಲೇ ಹಿಂಜುತ್ತಾರೆ. ನನ್ನ ಅನುಮಾನ ಮದಾರಬೀ ಮೇಲೆ. ಬಾಣಂತಿಗೆ ಕೊಡಬಾರದ್ದನ್ನು ಈ ಹುಡುಗಿ ಕದ್ದು ತಿನ್ನುತ್ತಾಳೆ. ಅವಳ ಸೆರಗಿನ ಗಂಟಿನಲ್ಲಿ ಹುಣಸೆ ಬೀಜ ನಾನೇ ಕಂಡಿದ್ದೇನೆ. ಅತ್ತೆಯ ಮೇಲೂ ಇದೆ. ಕೂಸು ಕಕ್ಕಿ ಬಾಯಿ ಒರೆಸುವುದಕ್ಕಿಲ್ಲ, "ಹೊಟ್ಟಿ ಖಾಲಿ ಆತು" ಅಂತ ಒಳಲೆ ತಂದು ಬಜೆ ತೇಯ್ದದ್ದು, ಹರಳೆಣ್ಣೆ, ಎಮ್ಮೆ ಹಾಲು ಒಂದರ ಮೇಲೊಂದು ಹುಯ್ಯುತ್ತಾರೆ. ಪಕ್ಕದ ಮನೆಯ ಈರಮ್ಮ ಮಾತ್ರ, "ಕಕ್ಕೋ ಕೂಸು ದಕ್ಕತೈತಿ ಬಿಡ್ರಿ, ನನ್ನವು ನಾಕೂ ಹಂಗ ಬೆಳದಾವ" ಅಂತ ನಗುತ್ತಾಳೆ. ಅತ್ತೆಗೆ ಈರಮ್ಮನ ನಗೆಯ ಮೇಲೂ ಅನುಮಾನ.

ಶುಕ್ರವಾರ ಅತ್ತೆ ದೃಷ್ಟಿ ಹೋಗಲಿ ಅಂತ ಕೂಸಿಗೆ ಉಪ್ಪು ಮೆಣಸಿನಕಾಯಿ ಇಳಿ ತೆಗೆದರು. ಒಲೆಗೆ ಹಾಕಿದಾಗ ಘಾಟು ಬರಲಿಲ್ಲ. "ನೋಡ್ರಿ, ಕಣ್ಣ ತಾಗೇತಿ. ಹೊರಗಿನ ಕಣ್ಣಲ್ಲ, ಮನಿ ಕಣ್ಣು" ಅಂದರು ಅತ್ತೆ. ಹಾಗೆ ಹೇಳುವಾಗ ಯಜಮಾನರನ್ನು ನೋಡಿದರು, ಮದಾರಬೀಯನ್ನು ನೋಡಿದರು, ಒಲೆಯನ್ನೂ ನೋಡಿದರು. ನನ್ನ ಕಡೆ ನೋಡಲಿಲ್ಲ. ಮೆಣಸಿನಕಾಯಿ ಹಸಿ ಇದ್ದವು, ಅದಕ್ಕೇ ಘಾಟಿಲ್ಲ ಅಂತ ಹೇಳಬೇಕೆಂದು ಬಾಯಿಯವರೆಗೆ ಬಂತು. ಸೂಜಿ ಎತ್ತಿಕೊಂಡು ಹೊಲಿಯಲು ಕೂತೆ.

ಭಾವನವರಿಗೆ ನನ್ನ ಸಲಾಮು, ಮಕ್ಕಳಿಗೆ ನನ್ನ ಮುತ್ತು.

ನಿನ್ನ ತಂಗಿ
ಕುಲ್ಸುಂಬೀ

ಮರೆತ ಮಾತು: ಕೂಸಿಗೆ ಹಾಲು ಕುಡಿಸುವಾಗ ಕೋಣೆಯ ಬಾಗಿಲಿಗೆ ಈಗ ಪರದೆ ಕಟ್ಟುತ್ತಾರೆ. ಈರಮ್ಮ ಬಂದಾಗ ಕಟ್ಟುವುದಿಲ್ಲ. ನಾನು ಪಡಸಾಲೆಯಲ್ಲಿ ಕೂತು ಹೊಲಿಯುವಾಗ ಮಾತ್ರ.

*

ಸಿರುಗುಪ್ಪ
ಮಾರ್ಚಿ 6, ಶಾಬಾನ್

ಅಕ್ಕನಿಗೆ ಸಲಾಮು.

ಈ ಸಲ ತಡ ಮಾಡಿಲ್ಲ ನೋಡು. "ಬಾ, ನಮ್ಮ ಮನಿ ಐತಿ" ಅಂತ ನೀನು ಬರೆದದ್ದನ್ನು ಓದಿ ಕಣ್ಣೀರು ಬಂತು. ಹತ್ತಿಯ ಎಳೆ ಕಣ್ಣಿಗೆ ಬಿತ್ತು ಅಂತ ಮನೆಯಲ್ಲಿ ಹೇಳಿದೆ. ಆದರೆ ಬರುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಯಜಮಾನರು ಬಿಲ್ಲು ಹೊತ್ತು ಕುರುಗೋಡಿನ ಕಡೆ ಹೋಗಿದ್ದಾರೆ. ಹತ್ತಿ ಬಿಡಿಸಿದ ಕಾಲ, ಊರೂರು ತಿರುಗಿ ಹಿಂಜಿ ಬರಬೇಕು. ಅವರು ಹೋದ ಮಾರನೆಯ ದಿನ ಮದಾರಬೀಗೆ ಮೈ ಕಾದಿತ್ತು. ಅತ್ತೆ ಮನೆಯಲ್ಲಿರಲಿಲ್ಲ. ಕೂಸು ಹಾಲು ಕುಡಿದು ಚೀರುತ್ತಿತ್ತು. ಒಳಗಿನಿಂದ, "ಅಕ್ಕಾ, ಒಂಚೂರು ಎತ್ಗೊಳ್ರಿ, ನನಗ ಆಗವಲ್ದು" ಅಂದಳು. ಪರದೆ ಸರಿಸಿ ಹೋದೆ. ನನಗೆ ಕೂಸು ಹಿಡಿದು ರೂಢಿ ಎಲ್ಲಿದೆ ಹೇಳು. ಹೆತ್ತವರು ಕಾಲು ಚಾಚಿ ಅದರ ಮೇಲೆ ಮಲಗಿಸಿಕೊಳ್ಳುತ್ತಾರೆ, ತೂಗುತ್ತಾರೆ, ತಟ್ಟುತ್ತಾರೆ. ನನಗೆ ಅದು ಬರಲಿಲ್ಲ. ಹಿಂಜಿದ ಹತ್ತಿ ಮೂಟೆ ಹೊರುವ ಹಾಗೆ ಎತ್ತಿ ಹೆಗಲಿಗೆ ಹಾಕಿಕೊಂಡೆ. ಬಿದ್ದೀತು ಅಂತ ಬೆನ್ನಿಗೆ ಕೈ ಕೊಟ್ಟು ಅಂಗಳದಲ್ಲಿ ತಿರುಗಿದೆ. ಕಿವಿಯ ಹತ್ತಿರ ಒಂದು ತೇಗು ಬಂತು, ದೊಡ್ಡ ಗಂಡಸಿನ ತೇಗು. ಅಷ್ಟೇ. ನಿದ್ದೆ ಹೋದ. ಕಕ್ಕಲಿಲ್ಲ.

ಆಮೇಲೆ ಮದಾರಬೀ ದಿನಾ ಕೊಡಲು ಶುರು ಮಾಡಿದಳು. ಅತ್ತೆ ನಮಾಜಿಗೆ ಕೂತಾಗ, ನೀರಿಗೆ ಹೋದಾಗ, ಪರದೆಯ ಸಂದಿಯಿಂದ ಕೂಸು ನನ್ನ ಕೈಗೆ ಬರುತ್ತಿತ್ತು. ತಾಯಿಯಿಲ್ಲದ ಹುಡುಗಿ ಅಕ್ಕಾ ಇವಳು. "ನಿಮ್ಮ ಹೆಗಲ ಮ್ಯಾಲ ಹಾಕ್ಕೊಂಡ್ರ ಹೊಟ್ಟ್ಯಾಗ ಉಳಿತೈತಿ ನೋಡ್ರಿ, ನಿಮಗ ಪುಣ್ಯ ಬರ್ಲಿ" ಅಂದಳು ಒಂದು ದಿನ, ನನ್ನ ಕೈ ಹಿಡಿದು. ಹುಣಸೆ ಬೀಜ ಹುಡುಕಿದ ನನಗೆ ನಾಚಿಕೆಯಾಯಿತು. ಖಾಜಾ ಈಗ ನನ್ನ ದನಿ ಕೇಳಿದರೆ ತಲೆ ತಿರುಗಿಸುತ್ತಾನೆ. ಕುತ್ತಿಗೆ ಇನ್ನೂ ಗಟ್ಟಿಯಾಗಿಲ್ಲ, ಆದರೂ ತಿರುಗಿಸುತ್ತಾನೆ. ಇದನ್ನು ಬರೆಯುವಾಗ ನನ್ನ ಮುಖದಲ್ಲಿ ಎಂಥ ನಗೆ ಇದೆ ಅಂತ ನೀನು ನೋಡಬೇಕಿತ್ತು.

ಕಳ್ಳತನ ಎಷ್ಟು ದಿನ ನಡೆದೀತು. ಅತ್ತೆ ಕಂಡುಬಿಟ್ಟರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಗೋಡೆಗೆ ಒರಗಿ ಕೂಸಿನ ಬಾಯಿಯನ್ನೇ ನೋಡಿದರು. ಆಮೇಲೆ ಕೇಳಿದರು, "ನಿನ್ನ ಕೈಯಾಗ ಯಾಕ ಕಕ್ಕವಲ್ದು?"

ನನಗೆ ಹೆಮ್ಮೆ. ಹುಚ್ಚಿ ನಾನು. "ಹಿಂಗ ನೆಟ್ಟಗ ಹಿಡೀಬೇಕ್ರಿ ಅತ್ತಿ, ಬರ್ರಿ ತೋರಸ್ತೀನಿ" ಅಂತ ಕೂಸನ್ನು ಅವರ ಹೆಗಲಿಗೆ ಹಾಕಿದೆ. ಆಗಷ್ಟೇ ಅವರು ಒಳಲೆಯಲ್ಲಿ ಎಮ್ಮೆ ಹಾಲು ಹುಯ್ದಿದ್ದರು. ಹೆಗಲ ಮೇಲೆ ಹಾಕಿಕೊಂಡವರು ಧಡಧಡ ಕುಲುಕಿದರು ಬೇರೆ. ಅವರ ಬೆನ್ನ ತುಂಬ ಕಕ್ಕಿದ. ಅತ್ತೆ ಕೂಸನ್ನು ಕೆಳಗಿಳಿಸಿ ಹೇಳಿದರು: "ಗಂಟು ಹಾಕಿದಾಕಿಗೇ ಗಂಟು ಬಿಚ್ಚಾಕ ಬರತೈತಿ."

ಅರ್ಥವಾಯಿತೇ ಅಕ್ಕಾ? ಕೂಸು ನನ್ನ ಕೈಯಲ್ಲಿ ಕಕ್ಕಿದ್ದರೆ ನಾನು ಏನೂ ಅರಿಯದವಳು. ಕಕ್ಕುವುದಿಲ್ಲವಾದ್ದರಿಂದ ಮಾಟಗಾತಿ. ಕಕ್ಕಿಸುವವಳೂ ನಾನೇ, ನಿಲ್ಲಿಸುವವಳೂ ನಾನೇ ಅಂತ ಅವರ ಲೆಕ್ಕ. ದರ್ಗಾದ ಮುಜಾವರರೂ ತಾವೀಜು ಕೊಟ್ಟು, ಬರಿ ಮಡಿಲಿನವಳ ಕೈಗೆ ಕೂಸು ಕೊಡಬೇಡಿ ಅಂದರಂತೆ. ಮುಜಾವರರು ಅಂದರೋ, ಇವರೇ ಅನ್ನಿಸಿದರೋ, ನನಗೆ ಅದೂ ಅನುಮಾನ. ಯಜಮಾನರು ಬರಲಿ, ರಂಜಾನಿನೊಳಗೆ ಇವಳನ್ನು ಬಳ್ಳಾರಿಗೆ ಅಕ್ಕನ ಮನೆಗೆ ಮುಟ್ಟಿಸಬೇಕು ಅಂತ ಅತ್ತೆ ನಿಶ್ಚಯ ಮಾಡಿದ್ದಾರೆ. ಮದಾರಬೀ ಅಡ್ಡ ಮಾತಾಡಲು ಹೋಗಿ ಬೈಸಿಕೊಂಡಳು. "ನಮ್ಮ ಅಕ್ಕ ಅಂಥಾಕಿ ಅಲ್ರಿ" ಅಂದಳು, ಅಷ್ಟು ದೊಡ್ಡ ಬಾಯಿಯ ಅತ್ತೆಯ ಎದುರಿಗೆ. ಅದನ್ನು ಕೇಳಿದ ಮೇಲೆ ಯಾರು ಏನಂದರೂ ಸಹಿಸುತ್ತೇನೆ ಅನ್ನಿಸಿತು.

ಎಲ್ಲರಿಗೂ ಸಲಾಮು. ದುವಾ ಮಾಡು.

ನಿನ್ನ
ಕುಲ್ಸುಂ

ಮರೆತ ಮಾತು: ಕಳಿಸುತ್ತಾರೆ ಅನ್ನುವ ಅವಮಾನಕ್ಕೆ ಹೆದರಿದ್ದೇನೆ ಅಂತ ತಿಳಿಯಬೇಡ. ಗಂಡನನ್ನು ಹಂಚಿಕೊಂಡಾಗಲೂ ನಾನು ಬದುಕಿದೆ. ಈ ಕೂಸನ್ನು ಬಿಟ್ಟು ಬಳ್ಳಾರಿಯಲ್ಲಿ ನಾನು ಏನು ಮಾಡಲಿ?

*

ಸಿರುಗುಪ್ಪ
ಮಾರ್ಚಿ 27

ಪ್ರೀತಿಯ ಅಕ್ಕನಿಗೆ ಸಲಾಮು.

ಗಾಡಿ ಕಟ್ಟಿಸಿಕೊಂಡು ಬರುತ್ತಾಳೆ ಅಂತ ದಾರಿ ನೋಡಿರುತ್ತೀ. ಕ್ಷಮಿಸು. ಬರುವುದಿಲ್ಲ. ನಾನು ಇಲ್ಲೇ ಇರುವುದು ನಿಕ್ಕಿಯಾಯಿತು.

ಯಜಮಾನರು ಗುರುವಾರ ಬಂದರು. ಕಾಲು ತೊಳೆಯಲೂ ಬಿಡದೆ ಅತ್ತೆ ಎಲ್ಲ ಒಪ್ಪಿಸಿದರು. ಇವರ ಸ್ವಭಾವ ನಿನಗೆ ಗೊತ್ತು, ತಾಯಿ ಎದುರು ಹೂಂ, ಹೆಂಡತಿ ಎದುರು ಹೂಂ. ಆ ದಿನ ಮಾತ್ರ, "ಬಾಯಿಮಾತು ಯಾಕ? ಎಲ್ಲಾರ ಮುಂದ ಕೂಸು ಕೊಟ್ಟು ನೋಡೂಣು" ಅಂದರು. ಅತ್ತೆಯೂ ಒಪ್ಪಿದರು. "ಈಕಿ ಕೈಯಾಗ ಕಕ್ಕಲಿಲ್ಲ ಅಂದ್ರ ನಾಳೆ ಗಾಡಿ ಕಟ್ಟು" ಅಂದರು. ಈರಮ್ಮನನ್ನು ಸಾಕ್ಷಿಗೆ ಕರೆದರು. ಮದಾರಬೀ ಪಡಸಾಲೆಯಲ್ಲೇ ಸೆರಗು ಮರೆ ಮಾಡಿ ಹಾಲು ಕುಡಿಸಿದಳು. ಕೂಸನ್ನು ಕೊಡುವಾಗ ಮೆಲ್ಲಗೆ, "ಹೆಗಲ ಮ್ಯಾಲ ಹಾಕ್ಕೊಬ್ಯಾಡ್ರಿ ಅಕ್ಕಾ" ಅಂದಳು. ನಾನು ಉಳಿಯಲಿ ಅಂತ ಅವಳಿಗೂ ಇತ್ತು.

ಕಾಲು ಚಾಚಿ ಕೂತು ಅದರ ಮೇಲೆ ಮಲಗಿಸಿಕೊಂಡೆ, ಹೆತ್ತವರ ಹಾಗೆ. ಎಲ್ಲರೂ ಸುತ್ತ ಕೂತರು. ಖಾಜಾ ನನ್ನನ್ನು ನೋಡಿ ಕೈಕಾಲು ಆಡಿಸಿ ನಕ್ಕ. ಕಕ್ಕಲಿಲ್ಲ. ಕಾಲು ತೂಗಿದೆ. ಕಕ್ಕಲಿಲ್ಲ. ದಿನಾ ಬೇಡವೆಂದರೂ ಕಕ್ಕುವ ಕೂಸು ಆ ದಿನ ತುಟಿಯ ಮೇಲೆ ಒಂದು ಹನಿಯನ್ನೂ ತರಲಿಲ್ಲ. ಅತ್ತೆ ಎದ್ದು ನಿಂತು, "ಸಾಕು, ತಿಳೀತು" ಅಂದರು. ಯಜಮಾನರು ತಲೆ ತಗ್ಗಿಸಿದರು. ನಾನು ಹೊದಿಸಿದ ಬಟ್ಟೆಯ ಕೆಳಗೆ ಕೈ ಇಟ್ಟು ಕೂಸಿನ ಹೊಟ್ಟೆ ಒತ್ತಿದೆ.

ಒಮ್ಮೆಗೇ ಬಂತು, ಬಾಯಿಂದ, ಮೂಗಿನಿಂದ. ಉಸಿರು ಸಿಕ್ಕಿಕೊಂಡು ಮುಖ ಕೆಂಪಾಗಿ ಆಮೇಲೆ ಚೀರಿದ. ನನ್ನ ಮಡಿಲೆಲ್ಲ ಹಾಲು. ಈರಮ್ಮ ಮೊದಲು ನಕ್ಕಳು. "ನೋಡ್ರಿ, ಈಕಿ ಮ್ಯಾಲೂ ಕಕ್ಕಿತು. ಕೂಸಿಗೆ ಸವತಿ ಯಾರು, ತಾಯಿ ಯಾರು" ಅಂದಳು. ಯಜಮಾನರು ನಕ್ಕರು. ಅತ್ತೆಗೂ ನಗೆ ಬಂತು. ತಾವೇ ತಮ್ಮ ಸೆರಗಿನಿಂದ ನನ್ನ ಸೀರೆ ಒರೆಸಿ, "ಹೋಗ್ಲಿ ಬಿಡವ್ವಾ, ಮುದುಕಿ ಅಂಜಿದ್ದೆ" ಅಂದರು. ಅವರ ಬಾಯಿಂದ 'ಅವ್ವಾ' ಅಂತ ಕೇಳಿ ಎಷ್ಟು ವರ್ಷವಾಗಿತ್ತು. ಪರದೆ ಬಿಚ್ಚಿ ಮಡಚಿ ಪೆಟ್ಟಿಗೆಗೆ ಹಾಕಿದರು. ನಾನೂ ಎಲ್ಲರ ಜೊತೆ ನಕ್ಕೆ.

ಈಗ ಖಾಜಾನನ್ನು ಹಗಲೆಲ್ಲ ಎತ್ತಿಕೊಳ್ಳಬಹುದು. ಎಲ್ಲರ ಮುಂದೆ ಕಾಲ ಮೇಲೆ, ಯಾರೂ ಇಲ್ಲದಾಗ ಹೆಗಲ ಮೇಲೆ. ಆಗಾಗ ಅವರೆದುರು ಒಂದಿಷ್ಟು ಕಕ್ಕಿದರೆ ನನಗೆ ಜೀವ ಬಂದ ಹಾಗಾಗುತ್ತದೆ. ಇಂಥ ಆಸೆ ಯಾವ ಹೆಣ್ಣಿಗಾದರೂ ಇದ್ದೀತೇ ಅಂತ ನಕ್ಕುಬಿಡು.

ಅಲ್ಲಾ ನಿಮ್ಮನ್ನೆಲ್ಲ ಚೆನ್ನಾಗಿಡಲಿ. ನಿನ್ನ ಮಕ್ಕಳು ನೂರು ವರ್ಷ ಬಾಳಲಿ. ರಂಜಾನಿನ ದುವಾದಲ್ಲಿ ನನ್ನ ಹೆಸರನ್ನೂ ಸೇರಿಸಿಕೋ.

ನಿನ್ನ ತಂಗಿ
ಕುಲ್ಸುಂಬೀ

ಮರೆತ ಮಾತು: ಮರೆತದ್ದಲ್ಲ ಅಕ್ಕಾ, ಬರೆಯಲು ಧೈರ್ಯವಿರಲಿಲ್ಲ. ಆ ದಿನ ಮದಾರಬೀ ನಗಲಿಲ್ಲ. ಎಲ್ಲರೂ ಕೂಸಿನ ಬಾಯಿ ನೋಡುತ್ತಿದ್ದಾಗ ಅವಳು ಬಟ್ಟೆಯ ಕೆಳಗಿದ್ದ ನನ್ನ ಕೈ ನೋಡುತ್ತಿದ್ದಳು. ಯಾರಿಗೂ ಏನೂ ಹೇಳಿಲ್ಲ. ಕೇಳಿದಾಗಲೆಲ್ಲ ಕೂಸನ್ನು ಕೊಡುತ್ತಾಳೆ. ಈಗ 'ಅಕ್ಕಾ' ಅನ್ನುವುದಿಲ್ಲ, ಕೊಟ್ಟು ಒಳಗೂ ಹೋಗುವುದಿಲ್ಲ. ಎದುರಿಗೇ ಕೂತು ನನ್ನ ಕೈ ನೋಡುತ್ತಾಳೆ. ಅತ್ತೆಯ ಅನುಮಾನ ಸುಳ್ಳು, ಅದರ ಮೇಲೆ ನಾನು ಸಿಟ್ಟಾಗಬಹುದಿತ್ತು. ಇವಳ ಮೇಲೆ ಹೇಗೆ ಸಿಟ್ಟಾಗಲಿ?