ಹೇತ್ವಿಯ ಕಿವಿಗೆ ಜರೀಗಿಡದ ಕಡ್ಡಿ

ಮಂಜಲ್‌ಪುರ, ವಡೋದರಾ
೯ ಸೆಪ್ಟೆಂಬರ್ ೨೦೨೫

ಪ್ರೀತಿಯ ಅಜ್ಜಿ,

ಆಪರೇಷನ್ ಆದ ಕಣ್ಣು ಹೇಗಿದೆ? ಡಾಕ್ಟರು ಕೊಟ್ಟ ಕನ್ನಡಕ ತೆಗೆದಿಟ್ಟು ಒಲೆ ಮುಂದೆ ಕೂರುತ್ತೀಯಂತೆ, ಕುಂದಾಪುರದಿಂದ ಅತ್ತೆ ಫೋನಿನಲ್ಲಿ ದೂರು ಹೇಳಿದರು. ಈ ಪತ್ರವನ್ನೂ ಅವರಿಂದಲೇ ಓದಿಸಿಕೋ. ಸಣ್ಣಂದಿನಿಂದ ಹಾಸ್ಟೆಲಿನಲ್ಲೇ ಓದಿದ ನನಗೆ ಈ ಹಾಸ್ಟೆಲೇನೂ ಕಷ್ಟವಿಲ್ಲ, ದಾಲ್ ಸಿಹಿ ಎಂಬುದೊಂದು ಬಿಟ್ಟರೆ. ಟೆನ್ಷನ್ ಬೇರೆಯದೇ. ಮೇಜರ್ ಸಬ್ಜೆಕ್ಟ್ ಯಾವುದೆಂದು ಈ ವಾರ ಕಾಲೇಜಿಗೆ ಹೇಳಬೇಕು. ಅಪ್ಪ ಕೆಮಿಸ್ಟ್ರಿ ಎನ್ನುತ್ತಾರೆ, ಸಚಿನ್ ಊರಿನಲ್ಲಿ ಅವರಿರುವ ಬಣ್ಣದ ಫ್ಯಾಕ್ಟರಿಯಲ್ಲಿ ಕೆಲಸ ಗ್ಯಾರಂಟಿಯಂತೆ. ನನಗೆ ಬಾಟನಿ ಬೇಕು. ಆದರೆ ಅಪ್ಪನ ಎದುರು ಬಾಯೇ ಬರುವುದಿಲ್ಲ.

ಮೊನ್ನೆ ಕ್ಲಾಸಿನವರೆಲ್ಲ ಜಾಂಬುಘೋಡಾ ಕಾಡಿಗೆ ಹೋಗಿದ್ದೆವು. ರೂಮ್‌ಮೇಟ್ ಹೇತ್ವಿ ಹೊಸದಾಗಿ ಕಿವಿ ಚುಚ್ಚಿಸಿಕೊಂಡಿದ್ದಾಳೆ; ತೊರೆಯಲ್ಲಿ ಮುಖ ತೊಳೆಯುವಾಗ ಕಿವಿಯ ಟಿಕ್ಕಿಯೊಂದು ನೀರುಪಾಲಾಯಿತು. “ಅರೆ ಬಾಪ್‌ರೇ, ತೂತು ಮುಚ್ಚಿಹೋಗುತ್ತೆ!” ಎಂದು ಅವಳು ಅಳುವುದೊಂದು ಬಾಕಿ. ಅಲ್ಲೇ ನೆರಳಿನ ಬಂಡೆಯ ಸಂದಿಯಲ್ಲಿ ಗೇಣುದ್ದದ ಜರೀಗಿಡ ಕಂಡಿತು. ಉಧ್ನಾದ ನಮ್ಮ ಮನೆಯಲ್ಲಿ ಬಚ್ಚಲ ಹಿಂದೆ ನೀನು ಮಡಕೆಯಲ್ಲಿ ಸಾಕಿದ್ದೆಯಲ್ಲ, ಅದೇ. ಕೂದಲಿನಂತೆ ಕಪ್ಪಗೆ ಹೊಳೆಯುವ ದಂಟು, ಅರ್ಧಚಂದ್ರದ ಎಲೆ. ಇಲ್ಲಿಯವರು ಹಂಸರಾಜ್ ಎನ್ನುತ್ತಾರೆ. ನನ್ನ ಕಿವಿಗೆ ನೀನು ಮಾಡಿದ್ದನ್ನೇ ಮಾಡಿದೆ: ಬಲಿತ ದಂಟೊಂದನ್ನು ಚಿವುಟಿ, ಎಲೆ ಸವರಿ, ತುದಿಯನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ ತೂತಿಗೆ ತೂರಿಸಿದೆ. ಅದಕ್ಕೆ ಮೊದಲು ಸ್ಯಾನಿಟೈಸರ್ ಹಚ್ಚಿದ್ದು ಮಾತ್ರ ನನ್ನದು, ನಗಬೇಡ. ಇನ್ನೊಂದಿರಲಿ ಎಂದು ಹೇತ್ವಿ ಇನ್ನೂ ಸುರುಳಿ ಸುತ್ತಿಕೊಂಡಿದ್ದ ಎಳೆ ಚಿಗುರಿಗೇ ಕೈ ಹಾಕಿದಳು. ನಿನ್ನ ಹಾಗೆಯೇ ಗದರಿಬಿಟ್ಟೆ, “ಸುರುಳಿ ಬಿಚ್ಚದ್ದನ್ನ ಮುಟ್ಬೇಡ, ಅದಿನ್ನೂ ತೊಟ್ಟಿಲ ಕೂಸು!” ಅದೂ ಕನ್ನಡದಲ್ಲಿ! ಎಲ್ಲರೂ ಪಿಳಿಪಿಳಿ ನೋಡಿದರು.

ಜೊತೆಗೆ ಬಂದಿದ್ದ ಬಾಟನಿ ಮ್ಯಾಡಂ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ ವಿವರಿಸು ಎಂದರು. ಹೇಳುತ್ತಾ ಹೋದೆ. ಕೆಮ್ಮಿಗೆ ನೀನು ಎಲೆಯನ್ನು ಕಾಳುಮೆಣಸು, ಬೆಲ್ಲದ ಜೊತೆ ಕುದಿಸಿ ಕೊಡುವುದು, ಬೇರು ಅಲುಗದ ಹಾಗೆ ಒಂದೊಂದೇ ದಂಟು ತೆಗೆಯುವುದು, ಎಲ್ಲ. “ಕೆಮ್ಮಿನ ವಿಷಯ ನಾನೂ ಓದಿದ್ದೇನೆ, ಕಿವಿಯದು ಇವತ್ತೇ ಕೇಳಿದ್ದು. ಯಾರು ಕಲಿಸಿದರು?” ಎಂದರು. “ಮೈ ಗ್ರ್ಯಾಂಡ್‌ಮದರ್, ರಮಾಮಣಿ” ಎಂದೆ, ಹಿಂದೆ ನಿಂತವರಿಗೂ ಕೇಳುವ ಹಾಗೆ. ಮ್ಯಾಡಂ ನಿನ್ನ ಹೆಸರು ಬರೆದುಕೊಂಡರು, ಅಜ್ಜಿ! ಹೇತ್ವಿಯಂತೂ ಈಗ ಚಿನ್ನದ ಟಿಕ್ಕಿ ಬೇಡವಂತೆ, ಆ ಕಡ್ಡಿಯಲ್ಲೇ ಕ್ಯಾಂಪಸ್ ತುಂಬ ಮೆರೆಯುತ್ತಿದ್ದಾಳೆ.

ಅತ್ತೆ, ಮಾವನಿಗೆ ನಮಸ್ಕಾರ. ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ, ಅಲ್ಲಿಂದಲೇ ತಲೆ ಸವರು.

ನಿನ್ನ
ಅದಿತಿ

ತಾ.ಕ.: ಪತ್ರ ಮುಗಿಸಿದ್ದು ನಿನ್ನೆ ರಾತ್ರಿ; ಬಾಟನಿ ಎಂದು ಇವತ್ತು ಬೆಳಿಗ್ಗೆ ಕಾಲೇಜಿನಲ್ಲಿ ಹೇಳಿಬಿಟ್ಟೆ. ಅಪ್ಪನಿಗೆ ನೀನೇ ತಿಳಿಸು ಎಂದು ಕೇಳೋಣವೆಂದೇ ಈ ಪತ್ರ ಬರೆಯಲು ಕೂತವಳು ನಾನು. ಬೇಡ. ನವರಾತ್ರಿಗೆ ಮನೆಗೆ ಹೋದಾಗ, ಅವರ ಊಟ ಆದಮೇಲೆ, ನಾನೇ ಹೇಳುತ್ತೇನೆ. ಆಮೇಲೆ ನೀನು ಫೋನ್ ಮಾಡಿ ಅವರನ್ನು ಸಮಾಧಾನ ಮಾಡಿದರೆ ಸಾಕು.