ಐದು ನಲವತ್ತರ ರೈಲು ಎಲ್ಲಿದೆ ಎಂದು ನರ್ಸಕ್ಕನಿಗೆ ಗೊತ್ತು

ಮಾನ್ಯರೇ,

ಇವತ್ತು ಭಾನುವಾರ. ಬೆಳಗಿನ ಜಾವ ನಾಲ್ಕು ಗಂಟೆ ಏಳು ನಿಮಿಷಕ್ಕೆ ನನ್ನನ್ನು ಎಬ್ಬಿಸಿದ್ದು ಒಂಬತ್ತು ತಿಂಗಳ ಮಗಳ ಎದೆಯ ಗೊರಗೊರ ಸದ್ದು. ಬೆನ್ನು ತಟ್ಟಿದೆ, ಅವಳು ಮಲಗಿದಳು, ನನಗೆ ನಿದ್ದೆ ಹತ್ತಲಿಲ್ಲ. ಆ ಸದ್ದು ಅವಳ ಎದೆಗೆ ಇಳಿದದ್ದು ನಿಮ್ಮ ಪ್ಲಾಟ್‌ಫಾರ್ಮಿನಲ್ಲಿ. ಅದಕ್ಕೇ ಈ ಪತ್ರ, ರೈಲು ಸಂಚಾರದ ಮುಖ್ಯಾಧಿಕಾರಿಗಳಾದ ನಿಮಗೆ. ನಿಮ್ಮ ಕಚೇರಿಯ ಜಾಲತಾಣದ ಪುಟದಲ್ಲೇ, ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ರೈಲು ತಡವಾಗಿ ಬರುತ್ತದೆ ಎಂಬುದು ನನ್ನ ದೂರಲ್ಲ. ಅದನ್ನು ನಾವು ಯಾವತ್ತೋ ಒಪ್ಪಿಕೊಂಡುಬಿಟ್ಟಿದ್ದೇವೆ. ಅದು ಈ ಗಳಿಗೆಯಲ್ಲಿ ಎಲ್ಲಿದೆ ಎಂದು ನೀವು ಹೇಳುವುದಿಲ್ಲವಲ್ಲ, ಅದು ನನ್ನ ದೂರು.

ನಿಮ್ಮ ಐದು ನಲವತ್ತರ ಪ್ಯಾಸೆಂಜರ್ ಹಿಡಿದು ನಾನು ರಕ್ತ ಪರೀಕ್ಷೆಯ ಲ್ಯಾಬಿನ ಕೆಲಸಕ್ಕೆ ಹೋಗುತ್ತೇನೆ. ಗಂಡನಿಗೆ ಬೇರೆ ಊರಿನಲ್ಲಿ ಕೆಲಸ, ತಿಂಗಳಿಗೆರಡು ಸಲ ಬರುತ್ತಾರೆ. ಮಗುವನ್ನು ನೋಡಿಕೊಳ್ಳುವವರಿರುವುದು ಲ್ಯಾಬಿನ ಪಕ್ಕದ ಕಟ್ಟಡದಲ್ಲಿ. ಹಾಗಾಗಿ ಮಗಳೂ ನಿಮ್ಮ ದಿನನಿತ್ಯದ ಪ್ರಯಾಣಿಕಳೇ. ನಿಮ್ಮ ಆ್ಯಪ್ ನನ್ನ ಫೋನಿನಲ್ಲಿದೆ. ಎಂಥ ಶಿಸ್ತಿನ ಆ್ಯಪ್! ಅದರಲ್ಲಿ ಇವತ್ತಿನವರೆಗೆ ಒಂದು ರೈಲೂ ತಡವಾಗಿಲ್ಲ. ವೇಳಾಪಟ್ಟಿಗೇ ಬಣ್ಣ ಬಳಿದು ತೋರಿಸಲು ಫೋನೇಕೆ ಬೇಕಿತ್ತು, ಸ್ಟೇಷನ್ನಿನ ಗೋಡೆ ಸಾಲದಾಗಿತ್ತೇ? ಕೌಂಟರಿನಲ್ಲಿ ಒಮ್ಮೆ "ರೈಲು ಎಲ್ಲಿದೆ ಸರ್?" ಎಂದು ಕೇಳಿದೆ. "ಎಲ್ಲಿಗಮ್ಮಾ ಹೋಗುತ್ತೆ, ಹಳಿ ಮೇಲೇ ಇರುತ್ತೆ" ಎಂದರು. ನಾನೂ ನಕ್ಕೆ. ಮಗು ಹೆಗಲ ಮೇಲಿದ್ದಾಗ ಜಗಳಕ್ಕೂ ಕೈ ಖಾಲಿ ಇರಬೇಕಲ್ಲ.

ನಮ್ಮ ಭಾಗದ ನಿಜವಾದ ಆ್ಯಪ್ ಯಾವುದು ಗೊತ್ತೇ? ಇದೇ ರೈಲಿನಲ್ಲಿ ಪರಿಚಯವಾದ ಒಬ್ಬ ನರ್ಸಕ್ಕ. ಮೂರು ಸ್ಟೇಷನ್ ಹಿಂದಿನ ಆಸ್ಪತ್ರೆಯಲ್ಲಿ ಅವರಿಗೆ ರಾತ್ರಿ ಪಾಳಿ. ಎರಡನೇ ಮಹಡಿಯ ವಾರ್ಡಿನ ಕಿಟಕಿ ಹಳಿಯ ಕಡೆಗಿದೆ. ರೈಲಿನ ದೀಪದ ಕಿಟಕಿಗಳ ಸಾಲು ಕತ್ತಲಲ್ಲಿ ಹಾದುಹೋದ ಕೂಡಲೇ ನನಗೊಂದು ರಿಂಗ್ ಕೊಟ್ಟು ಕಟ್ ಮಾಡುತ್ತಾರೆ. ಅಲ್ಲಿಂದ ಮೂವತ್ತೈದು ನಿಮಿಷಕ್ಕೆ ರೈಲು ನಮ್ಮಲ್ಲಿ. ರಿಂಗ್ ಆಗುವವರೆಗೆ ನಾನು ಮಗಳನ್ನು ಎಬ್ಬಿಸುವುದಿಲ್ಲ. ಆದಮೇಲೆ ಟೋಪಿ, ಕಾಲುಚೀಲ, ಎರಡು ಪದರ ಶಾಲು, ಹನ್ನೆರಡು ನಿಮಿಷದ ನಡಿಗೆ. "ನೀನು ರೈಲ್ವೆಯವರಿಗಿಂತ ಜಾಸ್ತಿ ರೈಲಿನ ಚಿಂತೆ ಮಾಡ್ತೀಯಲ್ಲೇ, ಅವರ ಹತ್ರ ಸಂಬಳ ಕೇಳು" ಎಂದು ಗಂಡ ಫೋನಿನಲ್ಲಿ ರೇಗಿಸುತ್ತಾರೆ. ಸಂಬಳ ಸಿಗಬೇಕಾದದ್ದು ನರ್ಸಕ್ಕನಿಗೆ.

ಗುರುವಾರ ನರ್ಸಕ್ಕ ಡ್ರಿಪ್ ಬಾಟಲಿ ಬದಲಿಸುತ್ತಿದ್ದರು. ತಲೆ ಎತ್ತಲಾಗದೆ, ಸದ್ದು ಕೇಳಿಯೇ ರಿಂಗ್ ಕೊಟ್ಟರು. ಹಾದುಹೋದದ್ದು ಗೂಡ್ಸ್ ಗಾಡಿ. ನಾನು ಮಗಳನ್ನು ಎತ್ತಿಕೊಂಡು ಓಡಿದೆ. ನಿಮ್ಮ ನಿರೀಕ್ಷಣಾ ಕೊಠಡಿಯ ಬೀಗ ತೆಗೆಯುವುದು ಏಳು ಗಂಟೆಗೆ. ಬಹುಶಃ ಚಳಿಗೂ ನೀವು ಅದೇ ವೇಳಾಪಟ್ಟಿ ಕೊಟ್ಟಿರಬೇಕು. ಮಂಜು ಬೀಳುವ ಬಯಲಿನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ನಿಂತೆವು. ಸಹಾಯವಾಣಿಗೆ ಫೋನ್ ಮಾಡಿದೆ.

"ಆ ರೈಲು ಐದು ನಲವತ್ತೆರಡಕ್ಕೇ ನಿಮ್ಮ ಸ್ಟೇಷನ್ ಬಿಟ್ಟಿದೆ ಮೇಡಂ."

"ನಾನು ಇಲ್ಲೇ ನಿಂತಿದೀನಲ್ರೀ, ಬಂದೇ ಇಲ್ಲ!"

"ನಮ್ಮ ಸಿಸ್ಟಂನಲ್ಲಿ ಹೋಗಿದೆ ಮೇಡಂ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ಮಗಳ ತುಟಿ ನೀಲಿಗಟ್ಟುವುದನ್ನು ನೋಡುತ್ತಾ ನಿಂತವಳಿಗೆ ಬೇರೆ ಏನು ಸಹಾಯ ಬೇಕಿರುತ್ತದೆ, ನೀವೇ ಹೇಳಿ. ಮಧ್ಯಾಹ್ನ ಡಾಕ್ಟರ್ ಸ್ಟೆತಸ್ಕೋಪ್ ಇಟ್ಟು, "ಇನ್ನೊಂದು ಸಲ ಈ ಥರ ಚಳಿಗೆ ನಿಲ್ಲಿಸಿದ್ರೆ ಅಡ್ಮಿಟ್ ಮಾಡ್ಬೇಕಾಗುತ್ತೆ" ಎಂದರು. ಸಂಜೆ ನರ್ಸಕ್ಕ ಫೋನ್ ಮಾಡಿದರು. "ತಪ್ಪಾಯ್ತು ಕಣೇ, ಗೂಡ್ಸಿಗೆ ರಿಂಗ್ ಕೊಟ್ಬಿಟ್ಟೆ. ಪುಟ್ಟಿ ಹೇಗಿದಾಳೆ?" ಎಂದು ಕೇಳಿದರು. ನಿಮ್ಮ ರೈಲು, ನಿಮ್ಮ ಹಳಿ, ನಿಮ್ಮ ಬೀಗ. ಕ್ಷಮೆ ಕೇಳಿದವರು ಮಾತ್ರ ರಾತ್ರಿಯಿಡೀ ರೋಗಿಗಳನ್ನು ನೋಡಿಕೊಂಡ ಹೆಂಗಸು.

ನಿಮ್ಮ ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಪ್ರತಿ ರೈಲೂ ಒಂದು ಚುಕ್ಕೆಯಾಗಿ ಸರಿಯುತ್ತದಂತೆ. ನಿಮ್ಮವರೇ ಹೆಮ್ಮೆಯಿಂದ ಹೇಳಿದ್ದು. ಆ ಚುಕ್ಕೆಯನ್ನು ನಮ್ಮ ಫೋನಿನಲ್ಲಿ ತೋರಿಸಿ. ಅದೇನು ದೇಶದ ಗುಟ್ಟೇ? ಹೊಸ ರೈಲು ಬೇಡ, ಮೆತ್ತನೆಯ ಸೀಟು ಬೇಡ. ಎರಡು ಗಂಟೆ ತಡವಾದರೂ ಬೇಡವೆನ್ನುವುದಿಲ್ಲ. ಆ ಎರಡು ಗಂಟೆ ನನ್ನ ಮಗಳು ಹೊದಿಕೆಯೊಳಗೆ ಬೆಚ್ಚಗಿರಲಿ.

ಇಷ್ಟು ಅವಸರ ಏಕೆಂದರೆ, ನಾಳೆಯಿಂದ ನರ್ಸಕ್ಕನಿಗೆ ಹಗಲು ಪಾಳಿ. ಕಿಟಕಿಯಲ್ಲಿ ಯಾರೂ ಇರುವುದಿಲ್ಲ. ನನ್ನ ರಜೆಗಳೆಲ್ಲ ಮುಗಿದಿವೆ, ನಾಳೆ ಹೋಗಲೇಬೇಕು. ಒಂದೇ ದಿನದಲ್ಲಿ ಆ್ಯಪ್ ಸರಿಯಾಗುವುದಿಲ್ಲ ಎಂದು ನನಗೂ ಗೊತ್ತು. ಹಾಗಾದರೆ ನಾಳೆಯ ಮಟ್ಟಿಗಾದರೂ ಆ ಗೋಡೆಯ ಮುಂದೆ ಕೂತವರಲ್ಲಿ ಒಬ್ಬರಿಗೆ ಹೇಳಿ. ನನ್ನ ನಂಬರು, ಸ್ಟೇಷನ್ನಿನ ಹೆಸರು ಈ ಮೊದಲು ನಿಮಗೆ ಕೊಟ್ಟ ಹನ್ನೊಂದು ದೂರುಗಳಲ್ಲೂ ಇವೆ. ಮಾತೂ ಬೇಡ, ಕ್ಷಮೆಯೂ ಬೇಡ. ರೈಲು ಆ ಆಸ್ಪತ್ರೆ ದಾಟಿದಾಗ ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ ಸಾಕು. ನಿಮ್ಮ ಮನೆಯಲ್ಲೂ ಮಕ್ಕಳಿದ್ದಾರೆ ಅಂದುಕೊಂಡು ಕೇಳುತ್ತಿದ್ದೇನೆ. ನಾಳೆ ಬೆಳಗಾಗುವ ಮೊದಲು ಫೋನ್ ಮಾಡಿಸಿ, ದಮ್ಮಯ್ಯ.

ಇಂತಿ,
ರಿಂಗ್ ಆಗುವವರೆಗೆ ಮಗಳನ್ನು ಎಬ್ಬಿಸದೆ ಕೂತಿರುವ
ಐದು ನಲವತ್ತರ ಪ್ರಯಾಣಿಕಳು