ಏಳನೆಯ ಕಂಬ

ಮಾರ್ಚ್ 4, ಬೆಳಿಗ್ಗೆ 10

ಹಳೇ ಕಟ್ಟಡಗಳ ಸರ್ವೆ ನನ್ನ ಕೆಲಸ; ಇವತ್ತೂ ಕಂಬಗಳ ಎಣಿಕೆ. ಬಾಗಿಲು ತೆರೆಯುವ ಮೊದಲೇ ಪ್ಲೋವರ್ ಪಬ್‌ಗೆ ಹೋದರೆ ಯಾರೂ ಮಾತಾಡಿಸುವುದಿಲ್ಲ. ಅಷ್ಟು ಸಾಕು ನನಗೆ.

ನಾನೂರು ವರ್ಷದ ಓಕ್ ಮರದ ಚೌಕಟ್ಟು. ಬಡಗಿಗಳು ಬೇರೆಲ್ಲೋ ಕೊರೆದು, ಪ್ರತಿ ಕಂಬಕ್ಕೂ ಉಳಿಯಿಂದ ರೋಮನ್ ಅಂಕಿ ಗೀಚಿ, ಇಲ್ಲಿ ತಂದು ಜೋಡಿಸಿದ್ದಾರೆ. ಆರು ಸಿಕ್ಕಿತು. ಆಮೇಲೆ ಎಂಟು. ನಡುವೆ ಇರುವುದು ಸ್ನಗ್ — ನಾಲ್ಕು ಜನ ಮೊಣಕಾಲು ತಾಗಿಸಿ ಕೂರುವ ಗೂಡಿನಂಥ ಕೋಣೆ. ಗೋಡೆಗೆ ಪೂರ್ತಿ ಹಲಗೆ. ಏಳನೆಯ ಕಂಬ ಕಿತ್ತು ಆಮೇಲೆ ಕಟ್ಟಿದ ಗೋಡೆ ಇರಬೇಕು. ಹಾಗೇ ಬರೆದು ಆಫೀಸಿಗೆ ಕಳಿಸಿದೆ.

ಮಾರ್ಚ್ 9

ಕಟ್ಟಡದ ಮಾಲೀಕರಿಗೆ ಖುಷಿಯೋ ಖುಷಿ. ಗೋಡೆ ಹಳೆಯದಲ್ಲ, ಅಂದರೆ ಒಡೆಯಬಹುದು. ಸ್ನಗ್ ತೆಗೆದು ದೊಡ್ಡ ಊಟದ ಹಾಲ್. ನನ್ನ ಒಂದೇ ಒಂದು ಸಾಲು...

ಪಬ್ ನಡೆಸುವ ಡಿಲಿಸ್ ಬೈಯಲಿಲ್ಲ. ಬಿಸಿ ಪೈ ತಂದಿಟ್ಟರು. "ತಿನ್ನು ಮಗಳೇ. ಅಲ್ಲಿ ಬಿಳೀ ಟೋಪಿ ಅಡುಗೆಯವ್ರು ಬರ್ತಾರಂತೆ. ನಲವತ್ತು ವರ್ಷ ಬಿಯರ್ ಸುರಿದೋಳು ನಾನು, ಅದ್ರಲ್ಲಿ ಎಲ್ಲಿ ನಿಲ್ಲಲಿ?"

ಅರ್ಧ ಪೈ ಕಾಗದದಲ್ಲಿ ಸುತ್ತಿಕೊಂಡು ಹೊರಟೆ.

ಮಾರ್ಚ್ 10, ಮಧ್ಯಾಹ್ನ

ಮತ್ತೆ ಅಳೆದೆ. ಹೊರಗಿನ ಅಳತೆಗಿಂತ ಒಳಗೆ ಒಂದೂವರೆ ಗೇಣು ಕಡಿಮೆ. ಹಲಗೆಯ ಹಿಂದೆ ಏನೋ ಇದೆ.

ಮೂಲೆಯಲ್ಲಿ ಕೂತ ವಿಲ್ಫ್ — ಕೆಲಸ ಬಿಟ್ಟ ಮುದಿ ಬಡಗಿ — ನಕ್ಕ. "ಡಿಗ್ರಿ ಮಾಡಿದೋಳಿಗೆ ಏಳರವರೆಗೆ ಎಣಿಸೋಕೆ ಬರ್ಲಿಲ್ವಾ?"

ಹಲಗೆ ತೆಗೆಯಬಹುದೇ ಎಂದು ಕೇಳಿದೆ. ಡಿಲಿಸ್ "ಬೇಡ" ಎಂದು ಒಳಗೆ ಹೋದರು. ವಿಲ್ಫ್‌ನ ನಗು ನಿಂತಿತು. "ಅದು ಅವಳ ಗಂಡ ಕ್ಲೆಮ್ ಹೊಡೆದ ಹಲಗೆ ಕಣಮ್ಮಾ. ತೊಂಬತ್ತೊಂದರಲ್ಲಿ. ಕ್ಲೆಮ್ ಹೋದಮೇಲೂ ಮುಟ್ಟಿಲ್ಲ ಅವ್ಳು."

ಮಾರ್ಚ್ 13

ಡಿಲಿಸ್ ತಾವೇ ಹಾರೆ ತಂದರು. "ಪಬ್ಬೇ ಹೋದ್ಮೇಲೆ ಹಲಗೆ ಇಟ್ಕೊಂಡು ಏನ್ಮಾಡ್ಲಿ. ಕೀಳು ವಿಲ್ಫ್. ನಿಧಾನ, ಹಂದಿ ಕೊಯ್ಯೋ ಹಾಗಲ್ಲ."

"ನೀನು ಸುಮ್ನಿದ್ರೆ ನಿಧಾನವಾಗೇ ಬರುತ್ತೆ."

ಕಂಬ ಇತ್ತು. ಮೇಲುಗಡೆ ಕವೆಯಂಥ V, ಪಕ್ಕ ಎರಡು ಗೀಟು. ಏಳು. ಗೋಡೆ ಹಳೆಯದೇ. ತಪ್ಪು ನನ್ನದು.

ಕೆಳಗೆ ಪೆನ್ಸಿಲ್ ಗುರುತುಗಳು. ನೆಸ್ಟಾ, ಮೂರು ವರ್ಷ. ನಾಲ್ಕು. ಐದು. ಆರು. ಏಳು — 12 ಮೇ 1991. ಡಿಲಿಸ್‌ರ ಮಗಳು. ಹುಟ್ಟಿದ ದಿನ ತಪ್ಪದೆ ಅಪ್ಪ ಕ್ಲೆಮ್ ಎತ್ತರ ಅಳೆಯುತ್ತಿದ್ದರಂತೆ. ಆ ಬೇಸಿಗೆಯಲ್ಲೇ ನದಿ ಅವಳನ್ನು ತೆಗೆದುಕೊಂಡಿತು.

ಡಿಲಿಸ್ ಕೊನೆಯ ಗೀಟನ್ನು ತಮ್ಮ ಪಕ್ಕೆಗೆ ಹೋಲಿಸಿ ನೋಡಿದರು. "ಇಷ್ಟೇ ಇದ್ಲು."

ಮಾರ್ಚ್ 14

ಗೀಟಿನ ಮೇಲೆ ಇನ್ನೊಂದು ಗೀಟು. ಎರಡು ಬೆರಳು ಎತ್ತರ. ನಿನ್ನೆ ಇರಲಿಲ್ಲ — ಫೋಟೋ ಇದೆ. ಹೆಸರಿಲ್ಲ, ತಾರೀಖಿಲ್ಲ.

"ನೀನಾ?" ಎಂದರು ಡಿಲಿಸ್. ಇಲ್ಲವೆಂದು ತಲೆಯಾಡಿಸಿದೆ. ನಾನೂ ಅದನ್ನೇ ಕೇಳಬೇಕೆಂದಿದ್ದೆ.

ವಿಲ್ಫ್ ಕೈ ಚಾಚಿ ತೋರಿಸಿದ. ಬೆರಳು ಗಡಗಡ. "ಈ ಕೈಲಿ ನೆಟ್ಟಗೆ ಗೀಟು ಬರುತ್ತಾ, ನೀವೇ ಹೇಳಿ."

ಮಾರ್ಚ್ 15

ಇನ್ನೊಂದು.

ಮಾರ್ಚ್ 19

ನನ್ನ ತಪ್ಪು ತಿಳಿಸಿದ್ದಕ್ಕೆ ನಗರಸಭೆಯ ಅಧಿಕಾರಿ ಬಂದು ನೋಡಿದರು. ಗೋಡೆ ಉಳಿಯಿತು. ಡಿಲಿಸ್ ಏಪ್ರನ್‌ನಲ್ಲಿ ಮುಖ ಒರೆಸಿಕೊಂಡರು.

ಹೊರಡುವಾಗ ಅಧಿಕಾರಿ ಕಂಬ ತಟ್ಟಿದರು. "ಈ ಪೆನ್ಸಿಲ್ ಗೀಚಾಟ ಇತ್ತೀಚಿನದು. ಒರೆಸಿಬಿಡಿ. ನಿಮ್ಮ ವರದಿಯಲ್ಲೂ ಹಾಗೇ ಬರೀರಿ."

ಅಂಗಡಿಯಲ್ಲಿ ಚಿಲ್ಲರೆ ತಪ್ಪಾದರೂ ಬಾಯಿ ಬಿಡದವಳು ನಾನು. "ಇಲ್ಲ, ಬರೆಯೋಲ್ಲ" ಎಂದೆ. ಎರಡು ಸಲ ಹೇಳಬೇಕಾಯಿತು.

ವರದಿಯಲ್ಲಿ ಬರೆದೆ: ಪೆನ್ಸಿಲ್ ಗುರುತುಗಳು ಕಟ್ಟಡದ ಭಾಗ. ಅಳಿಸಕೂಡದು. ಕಾಲ: 1987ರಿಂದ —

1991 ಎಂದು ಬರೆದು ಹೊಡೆದುಹಾಕಿದೆ. ಆಮೇಲೆ "ಇಲ್ಲಿಯವರೆಗೆ" ಎಂದು ಸೇರಿಸಿದೆ.

ಮೇ 12, ಮಧ್ಯಾಹ್ನ 3

ಸುಮಾರು ಎರಡು ತಿಂಗಳ ಮೇಲೆ ಪ್ಲೋವರ್. ಡಿಲಿಸ್ ಫೋನ್ ಮಾಡಿ ಕರೆದಿದ್ದರು. ನೆಸ್ಟಾ ಹುಟ್ಟಿದ ದಿನ. ಸ್ನಗ್‌ನ ಮೇಜಿನ ಮೇಲೆ ಒಂದು ಲೋಟ ನಿಂಬೆ ಷರಬತ್ತು. ಅದು ನನಗಲ್ಲ.

ಗೀಟುಗಳು ನನ್ನ ಕಿವಿಯ ಮಟ್ಟ ದಾಟಿವೆ.

"ಒಂದ್ಸಲ ನಿಲ್ಲು ಕಂದಾ, ನೋಡೋಣ." ನಿಂತೆ. ಡಿಲಿಸ್ ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟರು. "ನಿನ್ನಷ್ಟಾಗೋಕೆ ಇನ್ನೊಂದೇ ಬೆರಳು."

ಈಗ ಅವರು ಬಾರ್‌ನಲ್ಲಿದ್ದಾರೆ. ವಿಲ್ಫ್‌ನ ಜೊತೆ ಜಗಳ — ಅವನ ಗ್ಲಾಸಿನಲ್ಲಿ ನೊರೆಯೇ ಜಾಸ್ತಿಯಂತೆ. ಇಬ್ಬರ ದನಿಯೂ ಸ್ಪಷ್ಟ. ಪಬ್‌ನಲ್ಲಿ ಬೇರೆ ಯಾರೂ ಇಲ್ಲ. ಏಳನೆಯ ಕಂಬ ನನ್ನ ಬೆನ್ನ ಹಿಂದೆ.

ಮರದ ಮೇಲೆ ಪೆನ್ಸಿಲ್ ಸದ್ದು. ನಿಧಾನ. ಅಡ್ಡಗೀಟು ಮುಗಿಯಿತು.

ತಿರುಗುವುದಿಲ್ಲ. ಚಿಕ್ಕವಳಿದ್ದಾಗ ನನ್ನಪ್ಪನೂ ಅಳೆಯುವಾಗ ಹೇಳುತ್ತಿದ್ದ — ಅಲ್ಲಾಡಬೇಡ. ಅಲ್ಲಾಡುತ್ತಿಲ್ಲ. ಬರೆಯುವ ಕೈಯೊಂದು ಬಿಟ್ಟು.

ಸದ್ದು ನಿಂತಿಲ್ಲ. ಇವತ್ತು ಅಕ್ಷರವೂ ಬರೆಯುತ್ತಿದೆ. ಉದ್ದ ಗೀಟು, ಓರೆ ಗೀಟು, ಮತ್ತೆ ಉದ್ದ ಗೀಟು... N, ನೆಸ್ಟಾಳ ಮೊದಲ ಅಕ್ಷರ. ಆಮೇಲೆ